ಕಿವಿಯ ಗುಳಿಗೆ

ಜನವರಿ 9, ಗುರುವಾರ

ಬೆಳಿಗ್ಗೆ 6. ಮಧ್ಯಾಹ್ನ 5. ಮಲಗುವಾಗ 9.

ಸದ್ದಿಗೆ ಹೀಗೆ ದಿನಕ್ಕೆ ಮೂರು ಸಲ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಡಬೇಕಂತೆ. ಕಿವಿ ಡಾಕ್ಟರಮ್ಮ ಹೇಳಿದ್ದು. ಯಾವಾಗ ಹೆಚ್ಚು, ಯಾವಾಗ ಕಡಿಮೆ, ಆಗ ಏನು ಮಾಡುತ್ತಿದ್ದಿರಿ ಎಂದು ಎರಡು ಸಾಲು ಗೀಚಿಡಿ, ಯಾರಿಗೂ ತೋರಿಸಬೇಕಾಗಿಲ್ಲ ಎಂದರು. ಶಾಲೆ ಬಿಟ್ಟು ನಲವತ್ತು ವರ್ಷದ ಮೇಲೆ ನನಗಾಗಿ ಒಂದು ಗೆರೆಪುಸ್ತಕ ತಂದುಕೊಂಡೆ.

ಸದ್ದಿರುವುದು ಬಲಗಿವಿಯಲ್ಲಿ. ಗಾಜಿನ ಲೋಟದ ಅಂಚನ್ನು ಯಾರೋ ಒದ್ದೆ ಬೆರಳಿನಿಂದ ಉಜ್ಜುತ್ತಲೇ ಇದ್ದಂತೆ. ಏಳು ತಿಂಗಳಾಯಿತು. ಸಣ್ಣ ಕೋಣೆಯೊಂದರಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಕಿವಿ ವಯಸ್ಸಿಗೆ ತಕ್ಕಷ್ಟು ಸವೆದಿದೆ, ಭಯಪಡುವಂಥದ್ದೇನಿಲ್ಲ, ಆದರೆ ಈ ಸದ್ದನ್ನು ಒರೆಸಿ ಹಾಕುವ ಮದ್ದು ಮಾತ್ರ ಇಲ್ಲ ಎಂದರು. ಬರುಬರುತ್ತಾ ಮನಸ್ಸು ಅದನ್ನು ಗಮನಿಸುವುದನ್ನೇ ಬಿಡುತ್ತದಂತೆ. ಹೇಳುವವರಿಗೇನು, ಕೇಳುವ ಕಿವಿ ನನ್ನದು.

ಕೆಲಸ ಏನು ಎಂದು ಕೇಳಿದರು. ಪಿಂಗಾಣಿ ಕಾರ್ಖಾನೆಯಲ್ಲಿ ಬಡಿದು ನೋಡುವವನು ಎಂದೆ. ಅರ್ಥವಾಗಲಿಲ್ಲ. ಭಟ್ಟಿಯಿಂದ ಬಂದ ಪ್ರತಿಯೊಂದು ಬಟ್ಟಲನ್ನೂ ಬೆರಳ ತುದಿಯ ಮೇಲೆ ನಿಲ್ಲಿಸಿ ಮರದ ಕಡ್ಡಿಯಿಂದ ಒಮ್ಮೆ ತಟ್ಟುತ್ತೇನೆ. ಗಟ್ಟಿಯಿದ್ದರೆ ಟಣ್ ಎಂದು ಹಾಡುತ್ತದೆ, ಒಳಗೆ ಕಣ್ಣಿಗೆ ಕಾಣದ ಬಿರುಕಿದ್ದರೆ ಟಕ್ ಎಂದು ಸತ್ತುಹೋಗುತ್ತದೆ. ಮೂವತ್ತೊಂದು ವರ್ಷದಿಂದ ಅದೇ ಕೆಲಸ ಎಂದು ವಿವರಿಸಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಕಾರ್ಖಾನೆಯಲ್ಲಿ ಹೇಳಿದ್ದೀರಾ ಎಂದರು. ಹೇಳಿಲ್ಲ.

ಮನೆಯಲ್ಲಿ ಯಾರಿದ್ದಾರೆ ಎಂದೂ ಕೇಳಿದರು. ಅತ್ತೆ, ಹೆಂಡತಿಯ ತಾಯಿ, ಎಂದೆ. ಹೆಂಡತಿ? ತೀರಿಕೊಂಡು ಒಂದು ವರ್ಷ ನಾಲ್ಕು ತಿಂಗಳಾಯಿತು ಎಂದೆ. ಅದನ್ನೂ ಬರೆದುಕೊಂಡರು. ಅದಕ್ಕೂ ಕಿವಿಗೂ ಏನು ಸಂಬಂಧವೋ.

ಜನವರಿ 15, ಬುಧವಾರ

7. 6. 9.

ಬಟ್ಟಲಿನ ಅಂಚಿಗೆ ನೀಲಿ ಗೆರೆ ಎಳೆಯುವ ಬಣ್ಣದಕ್ಕನಿಗೆ ಮಾತ್ರ ನನ್ನ ಕಿವಿಯ ಗುಟ್ಟು ಗೊತ್ತು. ಅವಳ ಚಿಕ್ಕಪ್ಪನಿಗೂ ಹೀಗೇ ಆಗಿತ್ತಂತೆ. ಮೂರು ತಿಂಗಳು ವಿಟಮಿನ್ ಗುಳಿಗೆ ನುಂಗಿದ ಮೇಲೆ ಈಗ ಪಕ್ಕದ ಮನೆಯ ಸೊಳ್ಳೆ ಹಾರಿದರೂ ಕೇಳಿಸುತ್ತದಂತೆ. ಬಣ್ಣದಕ್ಕನ ಮಾತಿನಲ್ಲಿ ಅರ್ಧ ಬಣ್ಣ ಎಂದು ಗೊತ್ತಿದ್ದರೂ ಸಂಜೆ ಔಷಧಿ ಅಂಗಡಿಯ ಮುಂದೆ ನಿಂತಿದ್ದೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಅಂಗಡಿಯವನು ಕೊಟ್ಟ ಸೀಸೆಯ ಮೇಲೆ ಒಂದು ಕಿವಿಯ ಚಿತ್ರವಿದೆ, ಸುತ್ತ ಸೂರ್ಯನಿಗಿರುವಂಥ ಕಿರಣಗಳು. ಒಳಗೆ ಬಿ ಹನ್ನೆರಡು, ಸತು, ಮೆಗ್ನೀಸಿಯಂ, ಓದಲಾಗದಷ್ಟು ಸಣ್ಣಕ್ಷರದಲ್ಲಿ ಇನ್ನೂ ಏಳೆಂಟು. ದಿನಕ್ಕೊಂದು, ತಿಂಡಿಯಾದ ಮೇಲೆ.

ಮನೆಗೆ ಬಂದು ಮೇಜಿನ ಮೇಲಿಡುವಷ್ಟರಲ್ಲಿ ಅತ್ತೆ ಸೀಸೆಯನ್ನು ಕೈಗೆತ್ತಿಕೊಂಡರು. "ಇದನ್ನ ನಾನು ಕೊಡ್ತೀನಿ. ನಿಮಗೆ ನೆನಪಿರಲ್ಲ" ಎಂದರು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅತ್ತೆ ಮೂವತ್ತೆಂಟು ವರ್ಷ ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗವನ್ನು ಆಳಿದವರು. ಒಂದು ದಿಂಬಿನ ಚೀಲ ಕಡಿಮೆಯಾದರೂ ಮೂರು ಮಹಡಿ ನಡುಗುತ್ತಿತ್ತು ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಈಗ ಎಪ್ಪತ್ತಾರು. ಒಂದು ವರ್ಷದಿಂದ ನೆನಪು ಕೈಕೊಟ್ಟಿದೆ. ಸಂಜೆ ಆರಾದರೆ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು, "ಅವಳು ಇನ್ನೂ ಬಂದಿಲ್ವಾ?" ಎಂದು ಕೇಳುತ್ತಾರೆ. ಮೊದಲ ಸಲ ಕೇಳಿದಾಗ ನಿಜ ಹೇಳಿದ್ದೆ. ಆಗ ತಾನೇ ಸುದ್ದಿ ಬಂದ ಹಾಗೆ ಅತ್ತರು. ಎರಡನೆಯ ಸಲವೂ ಹಾಗೇ. ಮೂರನೆಯ ಸಲದಿಂದ, ಇವತ್ತು ಶಾಲೆಯಲ್ಲಿ ಕೆಲಸ ಜಾಸ್ತಿಯಂತೆ, ತಡವಾಗುತ್ತದಂತೆ ಎನ್ನುತ್ತಿದ್ದೇನೆ. ಹೌದಾ ಎಂದು ಸುಮ್ಮನಾಗುತ್ತಾರೆ. ಇದರಾಚೆಗೆ ನಮ್ಮಿಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ. ನಡುವೆ ಇದ್ದವಳೇ ಮಾತಿನ ಮಲ್ಲಿ.

ಫೆಬ್ರವರಿ 3, ಸೋಮವಾರ

6. 6. 8.

ಒಂದಂಕ ಇಳಿದಿದೆ. ಗುಳಿಗೆಯ ಗುಣವಿರಬಹುದು. ಬಣ್ಣದಕ್ಕನಿಗೆ ಹೇಳಿದರೆ ಊರಿಗೆಲ್ಲ ಡಂಗುರ ಸಾರುತ್ತಾಳೆ ಎಂದು ಬಾಯಿ ಮುಚ್ಚಿಕೊಂಡಿದ್ದೇನೆ.

ತಿಂಡಿಯಾದ ಕೂಡಲೇ ಅತ್ತೆ ಗುಳಿಗೆಯನ್ನು ಚಮಚದಲ್ಲಿಟ್ಟು ತರುತ್ತಾರೆ, ಇನ್ನೊಂದು ಕೈಯಲ್ಲಿ ನೀರು. ನುಂಗುವವರೆಗೆ ಎದುರಿಗೇ ನಿಂತಿರುತ್ತಾರೆ. ಕಷ್ಟವೇನೆಂದರೆ, ನಾನು ಚಪ್ಪಲಿ ಮೆಟ್ಟುವಾಗ ಇನ್ನೊಂದು ಸಲ ಚಮಚ ಬರುತ್ತದೆ. ಆಗಲೇ ಕೊಟ್ಟಿರಲ್ಲ ಅತ್ತೆ ಎಂದೆ ಒಂದು ದಿನ. ಮುಖ ಎಷ್ಟು ಸಣ್ಣದಾಯಿತೆಂದರೆ, ಅಂದಿನಿಂದ ಎರಡನೆಯದನ್ನು ನುಂಗಿದಂತೆ ಮಾಡಿ ಜೇಬಿಗೆ ಹಾಕಿಕೊಳ್ಳುತ್ತೇನೆ. ನಿನ್ನೆ ಅಂಗಿ ಒಗೆಯಲು ನೆನೆಸಿದರೆ ನೀರೆಲ್ಲ ಹಳದಿ. ಮೂರು ಅಂಗಿಯ ಜೇಬು ಮೊಟ್ಟೆಯೊಡೆದ ಹಾಗಾಗಿವೆ.

ಅತ್ತೆ ಆ ಕಲೆ ನೋಡಿ ಬಟ್ಟೆ ಒಗೆಯುವ ವಿಭಾಗದ ದನಿಯಲ್ಲಿ ನಿಂಬೆಹಣ್ಣು, ಬಿಸಿಲು, ತಣ್ಣೀರು ಎಂದು ಅಪ್ಪಣೆ ಕೊಟ್ಟರು. ಮೂರರಲ್ಲಿ ಎರಡು ಅಂಗಿ ಬೆಳ್ಳಗಾದವು. ಅದೆಲ್ಲ ಹೇಗೆ ನೆನಪಿದೆಯೋ.

ಫೆಬ್ರವರಿ 14, ಶುಕ್ರವಾರ

9. 9. 9.

ಒಂದು ಟೀ ಕುಡಿಕೆ ವಾಪಸು ಬಂದಿದೆ. ಎರಡು ತುಂಡಾಗಿ. ಕೊಂಡ ಮನೆಯ ಹೆಂಗಸು ಬಿಸಿನೀರು ಹೊಯ್ದ ಕೂಡಲೇ ಕೈಯಲ್ಲೇ ಒಡೆಯಿತಂತೆ. ಬೆರಳುಗಳೆಲ್ಲ ಬೊಬ್ಬೆ, ಪಟ್ಟಿ ಕಟ್ಟಿದ್ದಾರಂತೆ. ತಳದಲ್ಲಿ ನನ್ನ ಗುರುತಿನ ಮುದ್ರೆಯಿದೆ. ಮೇಲ್ವಿಚಾರಕರು ಅದನ್ನು ನನ್ನ ಮೇಜಿನ ಮೇಲಿಟ್ಟು, ಇಷ್ಟು ವರ್ಷದಲ್ಲಿ ಒಂದು ಅಂದ್ರೆ ದೊಡ್ಡದೇನಲ್ಲ ಬಿಡಿ ಎಂದು ಹೋದರು.

ಒಂದೇ ಎಂದು ಅವರಿಗೆ ಹೇಗೆ ಗೊತ್ತು.

ಫೆಬ್ರವರಿ 17, ಸೋಮವಾರ

ಎರಡು ದಿನ ಅಂಕ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ, ಬರೀ ಸದ್ದು.

ಇವತ್ತು ಕೆಲಸ ಶುರುವಾಗುವ ಮುಂಚೆಯೇ ಮೇಲ್ವಿಚಾರಕರ ಕೋಣೆಗೆ ಹೋದೆ. ಕೂರಿ ಎಂದರು, ಕೂರಲಿಲ್ಲ. "ಸಾರ್, ಬಟ್ಟಲು ಹಾಡ್ತಿದೆಯೋ ನನ್ನ ಕಿವಿ ಹಾಡ್ತಿದೆಯೋ ನಂಗೆ ಗೊತ್ತಾಗ್ತಿಲ್ಲ" ಎಂದೆ. ಎಷ್ಟು ದಿನದಿಂದ ಎಂದು ಕೇಳಿದರು. ಎಂಟು ತಿಂಗಳು. ಅವರು ಗೋದಾಮಿನಲ್ಲಿರುವ ನನ್ನ ಮುದ್ರೆಯ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿಸಿ ಮತ್ತೆ ಬಡಿದು ನೋಡಲು ಹೇಳಿಕಳಿಸಿದರು. ಬೈದಿದ್ದರೆ ಹಗುರಾಗುತ್ತಿತ್ತು. ಮುಂಚೆಯೇ ಹೇಳಬಾರದಿತ್ತೇ ಎಂದಷ್ಟೇ ಕೇಳಿದರು. ಆ ಹೆಂಗಸಿನ ಮನೆಗೆ ಕಾರ್ಖಾನೆಯವರು ಹೋದಾಗ ನಾನೂ ಹೋಗುತ್ತೇನೆ ಎಂದೆ. ಹೋಗೋಣ ಎಂದರು.

ನಾಳೆಯಿಂದ ಪ್ಯಾಕಿಂಗ್ ವಿಭಾಗ. ನನ್ನ ಕಡ್ಡಿಯನ್ನು ಬಣ್ಣದಕ್ಕನ ಕೈಗೆ ಕೊಟ್ಟು ಬಂದೆ. ಅವಳು, ಚಿಕ್ಕಪ್ಪನಿಗೆ ಪೂರ್ತಿ ಗುಣವಾಗಿಲ್ಲ, ನಾನೇ ಸ್ವಲ್ಪ ಹೆಚ್ಚು ಹೇಳಿದೆ ಎಂದು ಕಣ್ಣು ಒರೆಸಿಕೊಂಡಳು.

ಫೆಬ್ರವರಿ 25, ಮಂಗಳವಾರ

5. 3. 8.

ಪ್ಯಾಕಿಂಗ್ ಕೋಣೆಯಲ್ಲಿ ಹನ್ನೊಂದು ಹೆಂಗಸರು, ಒಂದು ರೇಡಿಯೊ, ಬೆಟ್ಟದಷ್ಟು ಒಣಹುಲ್ಲು. ಹನ್ನೊಂದು ಜನವೂ ಒಟ್ಟಿಗೆ ಮಾತಾಡುತ್ತಾರೆ, ರೇಡಿಯೊ ಹನ್ನೆರಡನೆಯದು. ನನ್ನ ಸದ್ದಿಗೆ ಅಲ್ಲಿ ಬಾಯಿಬಿಡಲು ಅವಕಾಶವೇ ಸಿಗುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಇಳಿದದ್ದು ಇದೇ ಮೊದಲು. ಗುಳಿಗೆ ಹಿಡಿಯುತ್ತಿದೆ ಎಂದುಕೊಂಡಿದ್ದೇನೆ.

ಸುಟ್ಟ ಕೈಯ ಹೆಂಗಸು ನಮ್ಮನ್ನು ಒಳಗೆ ಕೂರಿಸಿ ಟೀ ಕೊಟ್ಟರು. ಎಡಗೈಯಲ್ಲಿ.

ಮಾರ್ಚ್ 2, ಭಾನುವಾರ

7. 7.

ಭಾವಮೈದ ಬಂದಿದ್ದ. ಸರಕು ರೈಲು ಓಡಿಸುವವನು, ಎರಡು ತಿಂಗಳಿಗೊಮ್ಮೆ ಅಮ್ಮನನ್ನು ನೋಡಲು ಬರುತ್ತಾನೆ. ಕಳೆದ ವಾರ ಅತ್ತೆ ಒಲೆಯ ಮೇಲೆ ಹಾಲಿಟ್ಟು ಮರೆತಿದ್ದರು. ಕೆಳಗಿನ ಮನೆಯ ದರ್ಜಿಯಮ್ಮ ಹೊಗೆ ನೋಡಿ ಓಡಿ ಬಂದಿದ್ದರಿಂದ ಮನೆ ಉಳಿಯಿತು. ಆ ಸುದ್ದಿ ಅವನಿಗೂ ಮುಟ್ಟಿದೆ. ನನ್ನನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ, ಹಿರಿಯರ ಆರೈಕೆ ಮನೆಯೊಂದನ್ನು ನೋಡಿದ್ದೇನೆ ಎಂದ. ಮೇ ಮೊದಲ ವಾರ ಅಲ್ಲೊಂದು ಹಾಸಿಗೆ ಖಾಲಿಯಾಗುತ್ತದಂತೆ. ಗಂಡ ಹೆಂಡತಿ ಇಬ್ಬರೂ ದುಡಿಯುವವರು, ಅಮ್ಮನನ್ನು ಮನೆಯಲ್ಲಿಟ್ಟುಕೊಂಡರೆ ಹಗಲು ನೋಡುವವರಿಲ್ಲ ಎನ್ನುವಾಗ ಅವನ ದನಿ ಒಡೆಯಿತು. ಕೆಟ್ಟವನಲ್ಲ.

"ಭಾವ, ನೀವು ಇಷ್ಟು ದಿನ ನೋಡ್ಕೊಂಡಿದ್ದೇ ಹೆಚ್ಚು. ಅಕ್ಕ ಇದ್ದಿದ್ರೆ ಆ ಮಾತೇ ಬೇರೆ" ಎಂದ.

ಅಳಿಯ ಅಲ್ಲ ಮಗಳ ಗಂಡ ಎಂದು ಜನ ನಗುತ್ತಾರೆ, ಹೇಗೆ ಹೇಳಿದರೂ ಒಂದೇ ಎಂದು. ಮಗಳೇ ಇಲ್ಲವಾದ ಮೇಲೆ ನಾನು ಎರಡರಲ್ಲಿ ಯಾವುದೂ ಅಲ್ಲ. ಬೇಡ ಎಂದು ಯಾವ ಬಾಯಿಂದ ಹೇಳಲಿ. ಸರಿಯಪ್ಪ ಎಂದೆ.

ಅತ್ತೆ ಕಿಟಕಿಯ ಹತ್ತಿರ ಕೂತು, ಮಗನನ್ನು ನೋಡಿದ ಖುಷಿಯಲ್ಲಿ ಅಕ್ಕ ಬರುವವರೆಗೆ ಇರೋ ಎಂದರು. ಅವನು ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡ.

ಮಾರ್ಚ್ 12, ಬುಧವಾರ

ಕಿವಿ ಡಾಕ್ಟರಮ್ಮನ ಹತ್ತಿರ ಎರಡನೆಯ ಸಲ. ಹಗಲು ಅತ್ತೆಯ ಮೇಲೆ ಕಣ್ಣಿಡುವ ದರ್ಜಿಯಮ್ಮ ಮದುವೆಯೊಂದಕ್ಕೆ ಹೋಗಿದ್ದರಿಂದ ಅತ್ತೆಯನ್ನು ಜೊತೆಗೇ ಕರೆದುಕೊಂಡು ಹೋಗಬೇಕಾಯಿತು.

ಗುಳಿಗೆಯ ಸೀಸೆ ತೋರಿಸಿದೆ. ಡಾಕ್ಟರಮ್ಮ ಬೈಯಲಿಲ್ಲ, ನಕ್ಕರು. "ಕೊರತೆ ಇದ್ದೋರಿಗೆ ಕೊಟ್ರೆ ಒಂದಿಷ್ಟು ಗುಣ ಕಾಣಬಹುದು. ತುಂಬಿದ ಕೊಡಕ್ಕೆ ಇನ್ನಷ್ಟು ನೀರು ಹೊಯ್ದರೆ ಚೆಲ್ಲೋದೇ" ಎಂದರು. ನನ್ನ ಕೊಡ ತುಂಬಿದೆಯೋ ಇಲ್ಲವೋ ನೋಡೋಣ ಎಂದು ರಕ್ತಪರೀಕ್ಷೆಗೆ ಚೀಟಿ ಬರೆದರು.

ಹೊರಡುವಾಗ ಅತ್ತೆ ಎದ್ದು ಗೋಡೆ ಹಿಡಿದು ಬಾಗಿಲ ಕಡೆ ನಡೆದರು. ಎಡಗಾಲಿನ ಚಪ್ಪಲಿ ಮೇಜಿನ ಹತ್ತಿರವೇ ಕಳಚಿ ಉಳಿಯಿತು. ಅವರಿಗೆ ಗೊತ್ತೇ ಆಗಲಿಲ್ಲ, ಬರಿಗಾಲಲ್ಲಿ ಮುಂದೆ ಹೋಗುತ್ತಿದ್ದರು. ಮನೆಯಲ್ಲೂ ದಿನಾ ಹೀಗೇ. ನಾನು ಹಿಂದಿನಿಂದ ಚಪ್ಪಲಿ ಎತ್ತಿಕೊಂಡು ಹೋಗುವುದು ರೂಢಿಯಾಗಿಬಿಟ್ಟಿದೆ. ಡಾಕ್ಟರಮ್ಮ ಮಾತ್ರ ಅಮ್ಮಾ ಸ್ವಲ್ಪ ನಿಲ್ಲಿ ಎಂದು ಎದ್ದು ಬಂದರು. ಪಾದ ಜೋಮು ಹಿಡಿದ ಹಾಗಿರುತ್ತದೆಯೇ, ಹತ್ತಿಯ ಮೇಲೆ ನಡೆದ ಹಾಗೆ? ಅತ್ತೆ ಹೌದೆಂದರು, ಎರಡು ವರ್ಷದಿಂದ ಎಂದರು. ನನಗೆ ಒಂದು ದಿನವೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಸಕ್ಕರೆ ಕಾಯಿಲೆಗೆ ಯಾವ ಮಾತ್ರೆ, ಎಷ್ಟು ವರ್ಷದಿಂದ ಎಂದು ನನ್ನನ್ನು ಕೇಳಿದರು. ಹದಿನಾಲ್ಕು ವರ್ಷದಿಂದ ಒಂದೇ ಮಾತ್ರೆ. ನೆನಪಿನ ವಿಷಯವನ್ನೂ ಹೇಳಿದೆ.

"ಇವರದ್ದೂ ರಕ್ತ ಕೊಡಿ. ನಿಮಗಿಂತ ಮೊದಲು ಇವರದ್ದು" ಎಂದರು.

ಮಾರ್ಚ್ 15, ಶನಿವಾರ

ನನ್ನ ಕೊಡ ತುಂಬಿ ತುಳುಕುತ್ತಿದೆ. ಎಂಟು ವಾರ ನುಂಗಿದ್ದೆಲ್ಲ ರಕ್ತದಲ್ಲಿ ಸಾಲಾಗಿ ಕೂತಿದೆಯಂತೆ, ಕಿವಿಗೆ ಅದರಿಂದ ನಯಾಪೈಸೆಯ ಉಪಯೋಗವಿಲ್ಲ.

ಅತ್ತೆಯದು ತಳ ಕಂಡಿದೆ. ಬಿ ಹನ್ನೆರಡು ಇರಬೇಕಾದದ್ದರಲ್ಲಿ ಮೂರನೆಯ ಒಂದು ಪಾಲೂ ಇಲ್ಲ. ಸಕ್ಕರೆ ಕಾಯಿಲೆಯ ಆ ಮಾತ್ರೆ ಕೆಲವರಲ್ಲಿ ಹೀಗೆ ಮಾಡುತ್ತದಂತೆ, ವಯಸ್ಸೂ ಸೇರಿಕೊಂಡಿದೆ. ಕಾಲಿನ ಜೋಮು, ತೂರಾಟ, ಮರೆವು, ಇಷ್ಟಕ್ಕೂ ಇದೇ ಕಾರಣವಿರಬಹುದು, ಇಲ್ಲದೆಯೂ ಇರಬಹುದು, ಎಷ್ಟು ಹಿಂದಕ್ಕೆ ಬರುತ್ತದೆಂದು ಈಗಲೇ ಮಾತು ಕೊಡಲಾರೆ ಎಂದರು, ಡಾಕ್ಟರಮ್ಮ ನಮ್ಮನ್ನು ಕಳಿಸಿದ ದೊಡ್ಡ ಡಾಕ್ಟರು. ಮೊದಲ ವಾರ ದಿನಕ್ಕೊಂದು ಸೂಜಿ, ಆಮೇಲೆ ವಾರಕ್ಕೊಂದು.

ನಾನು ಜೇಬಿನಲ್ಲಿ ಕರಗಿಸಿದ ಗುಳಿಗೆಗಳು ನೆನಪಾದವು. ಎದುರಿಗೇ ನಿಂತು ನೀರು ಹಿಡಿದುಕೊಂಡಿದ್ದವರಿಗೆ ಬೇಕಾಗಿತ್ತು ಅದು.

ಮಾರ್ಚ್ 20, ಗುರುವಾರ

ನನ್ನ ಗುಳಿಗೆ ನಿಲ್ಲಿಸಲು ಹೇಳಿದ್ದಾರೆ ಎಂದೆ. ಅತ್ತೆ ಚಮಚ ಹಿಡಿದು ನಿಂತವರು ನಿಂತೇ ಇದ್ದರು. ಬೆಳಿಗ್ಗೆ ಇನ್ನೇನು ಮಾಡಬೇಕೆಂದು ತೋಚದವರ ಹಾಗೆ. ಸೀಸೆ ಖಾಲಿಯಾಗುವವರೆಗೆ ಕೊಡಿ, ದಿನಬಿಟ್ಟು ದಿನ ಕೊಟ್ಟರೆ ಕೆಡುಕೇನಿಲ್ಲ ಎಂದೆ. ಸಂಜೆ ಅವರಿಗೆ ಸೂಜಿ ಹಾಕಿಸಿಕೊಂಡು ಬರುವಾಗ ಅವರು ನನ್ನ ತೋಳು ಹಿಡಿದು ನಡೆದರು. ಇಷ್ಟು ವರ್ಷದಲ್ಲಿ ಇದೇ ಮೊದಲು. ಹಿಡಿತ ಗಟ್ಟಿ; ಒದ್ದೆ ಚಾದರ ಹಿಂಡಿದ ಕೈ.

ಮಾರ್ಚ್ 29, ಶನಿವಾರ

ಇಸ್ಪೀಟಿನಲ್ಲಿ ಅತ್ತೆ ನನ್ನನ್ನು ಸೋಲಿಸಿದರು. ಒಂದಲ್ಲ, ಮೂರು ಆಟ. ಮೂರನೆಯದರಲ್ಲಿ ನಾನು ಬೇಕೆಂದೇ ಎಲೆ ಬಿಟ್ಟೆ ಎಂದು ಸಿಟ್ಟು ಮಾಡಿಕೊಂಡರು. ಬಿಟ್ಟಿರಲಿಲ್ಲ, ನಿಜವಾಗಿಯೂ ಸೋತಿದ್ದೆ.

ಈ ವಾರ ಒಂದು ದಿನವೂ ಚಮಚ ಎರಡನೆಯ ಸಲ ಬಂದಿಲ್ಲ. ಸಂಜೆ ಕಿಟಕಿಯ ಹತ್ತಿರ ಕೂತರೂ ಅವಳ ಬಗ್ಗೆ ಕೇಳುತ್ತಿಲ್ಲ. ಕೇಳದಿರುವುದು ನನಗೆ ಯಾಕೋ ಹೆದರಿಕೆ.

ಏಪ್ರಿಲ್ 6, ಭಾನುವಾರ

ನಾನು ಮೇಜಿನ ಹತ್ತಿರ ಬಟಾಣಿ ಸುಲಿಯುತ್ತಿದ್ದೆ. ಅತ್ತೆ ಒಣಗಿದ ಚಾದರ ಮಡಿಸುತ್ತಿದ್ದರು. ಎರಡು ಮೂಲೆ ಗಲ್ಲದ ಕೆಳಗೆ ಸಿಕ್ಕಿಸಿಕೊಂಡು, ಕೈಚಾಚಿ, ಒಂದು ಸುಕ್ಕಿಲ್ಲದಂತೆ. ಬೆನ್ನು ನನ್ನ ಕಡೆಗಿತ್ತು.

"ಒಂದು ಮಾತು ಕೇಳ್ತೀನಿ. ತಡ ಆಗುತ್ತಂತೆ ಅಂತ ಮಾತ್ರ ಹೇಳ್ಬೇಡಿ" ಎಂದರು.

ನನ್ನ ಕೈ ನಿಂತಿತು.

"ಅವಳಿಲ್ಲ, ಅಲ್ವಾ?"

"ಇಲ್ಲ ಅತ್ತೆ."

"ಎಷ್ಟು ದಿನ ಆಯ್ತು?"

ಒಂದು ವರ್ಷ ಏಳು ತಿಂಗಳು ಎಂದೆ. ಚಾದರವನ್ನು ಪೂರ್ತಿ ಮಡಿಸಿದರು. ಅಂಗೈಯಿಂದ ಒತ್ತಿ ಸರಿಮಾಡಿದರು. ಆಮೇಲೆ ಬಂದು ಎದುರಿನ ಕುರ್ಚಿಯಲ್ಲಿ ಕೂತರು.

"ಅಷ್ಟು ದಿನದಿಂದ ಇದನ್ನ ನೀನೊಬ್ಬನೇ ಹೊತ್ಕೊಂಡಿದ್ಯಾ?"

ನಾನು ಸುಳ್ಳು ಹೇಳಿದ್ದಕ್ಕೆ ಕ್ಷಮಿಸಿ ಎಂದೆ. ಅದನ್ನು ಅವರು ಕೇಳಿಸಿಕೊಳ್ಳಲೇ ಇಲ್ಲ. ಆ ದಿನ ತನಗೆ ಚೂರುಚೂರಾಗಿ ನೆನಪಿದೆ, ಮನೆ ತುಂಬ ಜನ ಬಂದಿದ್ದು ನೆನಪಿದೆ, ಯಾಕೆ ಬಂದಿದ್ದರು ಎಂಬುದೇ ಜಾರಿ ಹೋಗುತ್ತಿತ್ತು ಎಂದರು. ಕೆಲವು ಸಂಜೆ ಗೊತ್ತಿರುತ್ತಿತ್ತಂತೆ. ಗೊತ್ತಿದ್ದೂ, ನಾನು ತಡವಾಗುತ್ತದಂತೆ ಎನ್ನಲಿ ಎಂದೇ ಕೇಳುತ್ತಿದ್ದರಂತೆ.

"ಈಗ ಹೇಳು. ಒಂದನ್ನೂ ಬಿಡದೆ ಹೇಳು. ನಾನು ಅವಳ ತಾಯಿ."

ಹೇಳಿದೆ. ಯಾರಿಗೂ ಪೂರ್ತಿ ಹೇಳಿರಲಿಲ್ಲ. ಶಾಲೆಯ ಪ್ರಯೋಗಾಲಯದಲ್ಲಿ ಕೆಲಸ ಮುಗಿಸಿ ಗಾಜಿನ ನಳಿಗೆಗಳನ್ನೆಲ್ಲ ತೊಳೆದು ಬೋರಲು ಹಾಕಿ, ಬಾಗಿಲಿಗೆ ಬೀಗ ಹಾಕಿ ಹೊರಟಿದ್ದು. ದಾರಿಯಲ್ಲಿ ಟೊಮೆಟೊ ತೆಗೆದುಕೊಂಡಿದ್ದು. ಬಸ್ ನಿಲ್ದಾಣದ ಬೆಂಚಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದು. ನಮ್ಮ ಕಡೆಯ ಬಸ್ಸು ಒಂದು ಬಂದು ಹೋಯಿತು, ಇನ್ನೊಂದು ಬಂದು ಹೋಯಿತು. ನಿದ್ದೆ ಬಂದಿದೆ, ಪಾಪ, ದಣಿದಿರಬೇಕು ಎಂದುಕೊಂಡರಂತೆ ಜನ. ಮೂರನೆಯ ಬಸ್ಸಿನ ಕಂಡಕ್ಟರ್ ಇಳಿದು ಬಂದು, ಅಮ್ಮಾ, ಬರ್ತೀರಾ ಎಂದು ಭುಜ ಮುಟ್ಟಿದ. ಹೃದಯ ನಿಂತು ಮುಕ್ಕಾಲು ಗಂಟೆಯಾಗಿತ್ತು. ಒಂದು ಟೊಮೆಟೊ ಕೂಡ ಕೆಳಗೆ ಬಿದ್ದಿರಲಿಲ್ಲ. ಆ ಹೊತ್ತಿಗೆ ನಾನು ಮನೆಯಲ್ಲಿದ್ದೆ. ಇಷ್ಟು ತಡ ಯಾಕೆ ಮಾಡುತ್ತಾಳೆ ಎಂದು ಸಿಟ್ಟಿನಲ್ಲಿದ್ದೆ. ಅದನ್ನೂ ಹೇಳಿದೆ.

ಅತ್ತೆ ಅತ್ತರು. ನನಗೂ ಅಳು ಬಂತು. ಬಟಾಣಿಯ ತಟ್ಟೆ ಎಲ್ಲಿತ್ತೋ ಅಲ್ಲೇ ಇತ್ತು.

ಏಪ್ರಿಲ್ 7, ಸೋಮವಾರ

ರಜೆ ಹಾಕಿದೆ. ಇಬ್ಬರೂ ಮಧ್ಯಾಹ್ನದವರೆಗೆ ಮಲಗಿದ್ದೆವು, ಅವರು ಅವರ ಕೋಣೆಯಲ್ಲಿ, ನಾನು ನನ್ನದರಲ್ಲಿ. ಎದ್ದ ಮೇಲೆ ಬ್ರೆಡ್ಡು, ಹಾಲು.

ಏಪ್ರಿಲ್ 12, ಶನಿವಾರ

ಆ ಬೆಂಚು ನೋಡಬೇಕು ಎಂದರು. ನಾನು ಅಂದಿನಿಂದ ಆ ರಸ್ತೆಯನ್ನೇ ಬಿಟ್ಟು ಸುತ್ತುಹಾಕಿಕೊಂಡು ಓಡಾಡುತ್ತಿದ್ದೇನೆ ಎಂದು ಹೇಳಲಿಲ್ಲ. ಹೋದೆವು.

ಹಸಿರು ಬಣ್ಣದ ಕಬ್ಬಿಣದ ಬೆಂಚು, ಒಂದು ತುದಿಯಲ್ಲಿ ತುಕ್ಕು. ಒಬ್ಬ ಮುದುಕ ಪತ್ರಿಕೆ ಓದುತ್ತಿದ್ದವನು ನಮಗೆ ಜಾಗ ಬಿಟ್ಟು ಸರಿದು ಕೂತ. ಅತ್ತೆ ಬೆಂಚಿನ ಹಲಗೆಯನ್ನು ಒಮ್ಮೆ ಸವರಿದರು. ಎದುರಿಗೆ ಹೂವಿನ ಗಿಡಗಳ ಅಂಗಡಿ, ಅದರಾಚೆ ಮಕ್ಕಳು ಆಡುವ ಬಯಲು. "ನೋಡೋಕೆ ಚೆನ್ನಾಗಿರೋ ಜಾಗವೇ" ಎಂದರು. ಆಮೇಲೆ ಅವಳು ಚಿಕ್ಕವಳಿದ್ದಾಗ ಆಸ್ಪತ್ರೆಯ ಕೊಳೆಬಟ್ಟೆಯ ಗಾಡಿಯೊಳಗೆ ಅಡಗಿ ಕೂತು ಮೂರನೆಯ ಮಹಡಿಯವರೆಗೆ ಹೋಗಿದ್ದು, ಅಲ್ಲಿ ಒಬ್ಬ ದಾದಿ ಚಾದರ ಎತ್ತಿ ಕಿರುಚಿಕೊಂಡಿದ್ದು, ಎಲ್ಲ ಹೇಳಿದರು. ಇಪ್ಪತ್ತಾರು ವರ್ಷ ಜೊತೆಗಿದ್ದರೂ ಇದು ನನಗೆ ಗೊತ್ತಿರಲಿಲ್ಲ. ನಾನು ಜೋರಾಗಿ ನಕ್ಕೆ. ಪತ್ರಿಕೆಯ ಮುದುಕನೂ ನಕ್ಕ.

ಎರಡು ಬಸ್ಸು ಹೋದವು. ಮೂರನೆಯದಕ್ಕೆ ಹತ್ತಿದೆವು. ಅತ್ತೆ ಚಪ್ಪಲಿ ಕಳಚದೆ ಹತ್ತಿದರು.

ಏಪ್ರಿಲ್ 23, ಬುಧವಾರ

ಕಿವಿ ಡಾಕ್ಟರಮ್ಮ ಅಂಕ ಕೇಳಿದರು. ಪುಸ್ತಕ ತಿರುವಿ ನೋಡಿದರೆ ಮಾರ್ಚ್ ಎರಡರಿಂದ ಈಚೆಗೆ ಒಂದೂ ಇಲ್ಲ. ನಾಚಿಕೆಯಾಯಿತು. ಬಾಯಿಗೆ ಬಂದಂತೆ ನಾಲ್ಕು ಎಂದೆ. ಈಗ ಈ ಕ್ಷಣ ಇದೆಯಾ ಎಂದರು. ಕಿವಿಗೊಟ್ಟು ಹುಡುಕಿದೆ. ಇದೆ, ಅದೇ ಲೋಟ, ಅದೇ ಬೆರಳು. ಹಾಗಾದರೆ ಗುಣವಾಗಿಲ್ಲ ಅಲ್ಲವೇ ಎಂದೆ. ಅವರು ಆರು ತಿಂಗಳು ಬಿಟ್ಟು ಬನ್ನಿ ಎಂದರು. ರೋಗಿಯ ಪ್ರಶ್ನೆಗೆ ಉತ್ತರ ಕೊಡದ ಡಾಕ್ಟರು.

ಅತ್ತೆಯ ಬಗ್ಗೆ ದೊಡ್ಡ ಡಾಕ್ಟರು ಸಮಾಧಾನದಲ್ಲಿದ್ದಾರೆ. ಪಾದದ ಜೋಮು ಪೂರ್ತಿ ಹೋಗಲಿಕ್ಕಿಲ್ಲವಂತೆ. ಕೆಲವು ಹೆಸರು, ಕೆಲವು ದಿನ ಇನ್ನೂ ಜಾರುತ್ತವೆ. ಒಲೆಯ ಹತ್ತಿರ ಗಂಟೆ ಬಾರಿಸುವ ಗಡಿಯಾರವೊಂದನ್ನು ಇಟ್ಟಿದ್ದೇವೆ, ಹಾಲಿಟ್ಟ ಕೂಡಲೇ ತಿರುಗಿಸಿ ಬಿಡುತ್ತಾರೆ. ಅದು ಬಾರಿಸಿದಾಗಲೆಲ್ಲ ದರ್ಜಿಯಮ್ಮ ಕೆಳಗಿನಿಂದ, ಉಕ್ಕಿತಾ ಎಂದು ಕೂಗುತ್ತಾರೆ.

ಏಪ್ರಿಲ್ 30, ಬುಧವಾರ

ಮೂರು ದಿನದ ಹಿಂದೆ ಭಾವಮೈದ ಫೋನು ಮಾಡಿದ್ದ. ಹಾಸಿಗೆ ಖಾಲಿಯಾಗಿದೆ, ಬರುವ ಭಾನುವಾರ ಕಾರು ತರುತ್ತೇನೆ ಎಂದ. ಅಮ್ಮ ಈಗ ಮುಂಚಿನ ಹಾಗಿಲ್ಲ ಎಂದೆ. ನೀವು ಒಳ್ಳೆಯವರು, ನಿಮಗೆ ಹಾಗನಿಸುತ್ತದೆ ಎಂದ. ಫೋನಿನಲ್ಲಿ ಜಗಳವಾಡಲು ನನಗೆ ಬರುವುದಿಲ್ಲ. ಅತ್ತೆಗೆ ಹೇಳಿದೆ. "ಬರಲಿ" ಎಂದರು, ಅಷ್ಟೇ.

ಈ ಮೂರು ದಿನ ಏನು ಕೆಲಸ ಮಾಡಿದೆನೋ. ಎರಡು ಡಜನ್ ಬಟ್ಟಲನ್ನು ಹುಲ್ಲಿಲ್ಲದೆ ಪೆಟ್ಟಿಗೆಗೆ ತುಂಬಿ ಹೆಂಗಸರಿಂದ ಬೈಸಿಕೊಂಡೆ.

ಮೇ 4, ಭಾನುವಾರ

ಭಾವಮೈದ ಹನ್ನೊಂದಕ್ಕೆ ಬಂದ. ಕೈಯಲ್ಲಿ ಅರ್ಜಿಯ ಹಾಳೆಗಳು, ಅಮ್ಮನಿಗೆಂದು ಹೊಸ ಪೆಟ್ಟಿಗೆ. ಅತ್ತೆ ಸೀರೆಯ ನೆರಿಗೆ ಸರಿಮಾಡಿಕೊಂಡು, ಆಸ್ಪತ್ರೆಯ ತಮ್ಮ ವಿಭಾಗದ ಹೆಂಗಸರನ್ನು ಕರೆಸಿ ಕೂರಿಸುತ್ತಿದ್ದರೇನೋ ಎನ್ನುವ ಹಾಗೆ ಅವನನ್ನು ಎದುರಿಗೆ ಕೂರಿಸಿಕೊಂಡರು. ನಾನು ಅಡುಗೆಮನೆಗೆ ಹೋಗುತ್ತೇನೆ ಎಂದೆ. ಇಲ್ಲೇ ಇರು ಎಂದರು.

ಮೊದಲು ಅವನ ಹೆಂಡತಿಯ ಬೆನ್ನುನೋವು ಕೇಳಿದರು, ಆಮೇಲೆ ಮೊಮ್ಮಗಳ ಪರೀಕ್ಷೆ, ಯಾವ ಯಾವ ದಿನ ಯಾವ ವಿಷಯ ಎಂದು. ಹಿಂದಿನ ಸಲ ಬಂದಾಗ ಅವನು ತೊಟ್ಟಿದ್ದ ಅಂಗಿಯ ಗುಂಡಿ ಬಿದ್ದುಹೋಗಿತ್ತಲ್ಲ, ಹಾಕಿಸಿದೆಯಾ ಎಂದರು. ಅವನು ಅಮ್ಮನ ಮುಖವನ್ನೇ ನೋಡುತ್ತಿದ್ದ. ಹಾಳೆಗಳು ಅವನ ಕೈಯಲ್ಲಿ ಸುರುಳಿಯಾಗುತ್ತಿದ್ದವು.

"ನನ್ನ ತಲೆ ಕೆಟ್ಟಿತ್ತು. ಆಗ ನನ್ನ ಪರವಾಗಿ ನೀನು ಯೋಚನೆ ಮಾಡಿದ್ದು ಸರಿ. ಅದಕ್ಕೆ ನಿನ್ನ ಮೇಲೆ ಬೇಜಾರಿಲ್ಲ ಮಗಾ" ಎಂದರು ಅತ್ತೆ. "ಈಗ ನಾನೇ ಇದ್ದೀನಿ. ನನ್ನನ್ನೇ ಕೇಳು."

ಅವನು ಸುರುಳಿಯಾದ ಹಾಳೆಗಳನ್ನು ಪಕ್ಕಕ್ಕಿಟ್ಟು ಕೇಳಿದ. "ಎಲ್ಲಿರ್ತೀಯಮ್ಮಾ?"

"ಇಲ್ಲೇ."

"ಭಾವನಿಗೂ ವಯಸ್ಸಾಯ್ತು. ಎಷ್ಟು ದಿನ ಅಂತ ಅವರು ನಿನ್ನ ನೋಡ್ಕೋತಾರೆ?"

"ಅವನು ನನ್ನ ನೋಡ್ಕೊಳ್ಳೋದಲ್ಲ" ಎಂದರು ಅತ್ತೆ, ದನಿ ಸ್ವಲ್ಪ ತಗ್ಗಿಸಿ, ನಾನು ಅಲ್ಲಿಲ್ಲವೇನೋ ಎಂಬಂತೆ. "ಅವನಿಗೆ ಕಿವಿ ಸರಿಯಿಲ್ಲ ಕಣೋ. ಒಬ್ಬನನ್ನೇ ಬಿಡೋಕಾಗಲ್ಲ."

ಭಾವಮೈದ ನನ್ನ ಕಡೆ ತಿರುಗಿದ. ಅವನ ಕಣ್ಣು ಕೆಂಪಾಗಿತ್ತು. ಕಿವಿ ಅಷ್ಟೊಂದು ತೊಂದರೆ ಕೊಡ್ತಿದೆಯಾ ಭಾವ ಎಂದು ಕೇಳಿದ.

ಹೌದು, ಸ್ವಲ್ಪ ಜಾಸ್ತಿನೇ ಎಂದೆ.

ಅತ್ತೆ ನನ್ನ ಕಡೆ ನೋಡಲಿಲ್ಲ. ತಟ್ಟೆ ಇಡು, ಮೂರು, ಎಂದು ಎದ್ದರು.